ಕ್ಯಾಮೆರಾ ಬರುವ ಮೊದಲೇ ಊರಿಗೆ ಹೋಗುವವರು

ಪ್ರಶ್ನೆ: ನಾನು ಹಾವೇರಿಯಲ್ಲಿ ಬಿ.ಎಸ್‌ಸಿ. ಅಂತಿಮ ವರ್ಷದಲ್ಲಿದ್ದೇನೆ. ಭೌತಶಾಸ್ತ್ರ, ಎಲೆಕ್ಟ್ರಾನಿಕ್ಸ್ ನನ್ನ ವಿಷಯಗಳು. ಸಿನಿಮಾ ಚಿತ್ರೀಕರಣದ ಸ್ಥಳದಲ್ಲೇ ಧ್ವನಿ ಮುದ್ರಿಸುವ ಕೆಲಸಕ್ಕೆ ಹೋಗಬೇಕೆಂದಿದ್ದೇನೆ. ಊರೂರು ತಿರುಗುವ ಈ ಬದುಕು ನಿಜಕ್ಕೂ ಹೇಗಿರುತ್ತದೆ? ಯಾವ ಮೈಕ್, ಯಾವ ರೆಕಾರ್ಡರ್ ಕೊಳ್ಳಬೇಕು? ಇದು ಹೆಣ್ಣುಮಕ್ಕಳಿಗೆ ಆಗುವ ಕೆಲಸವಲ್ಲ ಎನ್ನುವುದು ಮನೆಯವರ ಅಭಿಪ್ರಾಯ. ಅವರಿಗೆ ಏನು ಹೇಳಲಿ?

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಸಲಕರಣೆಗಳ ವಿಚಾರಕ್ಕೆ ಆಮೇಲೆ ಬರುತ್ತೇನೆ. ಈ ಕೆಲಸದ ಮುಕ್ಕಾಲು ಪಾಲು ರೆಕಾರ್ಡರಿನ ಗುಂಡಿ ಒತ್ತುವುದಕ್ಕೆ ಮುಂಚೆಯೇ ಮುಗಿದಿರುತ್ತದೆ. ಆ ಮುಕ್ಕಾಲು ಪಾಲನ್ನು ಮಾಡುವುದು ಯಂತ್ರಗಳ ಜೊತೆಗಲ್ಲ, ಊರಿನ ಜನರ ಜೊತೆ. ಇಷ್ಟು ವರ್ಷ ತಿರುಗಿದ ಮೇಲೆ ನಾನು ಖಚಿತವಾಗಿ ಹೇಳಬಲ್ಲ ಮಾತು ಇದು.

ಚಿತ್ರೀಕರಣಕ್ಕೆ ಜಾಗ ನೋಡಿ ಬರುವುದನ್ನು ನಮ್ಮವರು ರೆಕ್ಕಿ ಎನ್ನುತ್ತಾರೆ. ನಿರ್ದೇಶಕರು, ಛಾಯಾಗ್ರಾಹಕರು, ಕಲಾ ನಿರ್ದೇಶಕರು ಹೊರಡುವ ಆ ವಾಹನದಲ್ಲಿ ಧ್ವನಿಯವರಿಗೂ ಒಂದು ಸೀಟು ಇಡುವ ರೂಢಿ ನಮ್ಮಲ್ಲಿ ಇನ್ನೂ ಗಟ್ಟಿಯಾಗಿಲ್ಲ. ಕರೆಯದಿದ್ದರೆ ಕೇಳಿಕೊಂಡು ಹೋಗಬೇಕು. ಕಣ್ಣಿಗೆ ಚೆಂದದ ತೊಟ್ಟಿಮನೆಯೊಂದು ಸಿಕ್ಕಿರುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ ನೋಡಿದವರೆಲ್ಲ ಎಷ್ಟು ಪ್ರಶಾಂತವಾಗಿದೆ ಎಂದು ಮೆಚ್ಚುತ್ತಾರೆ. ಆಗ ಕರೆಂಟ್ ಇರುವುದಿಲ್ಲ ಎಂಬುದು ಯಾರ ಗಮನಕ್ಕೂ ಬಂದಿರುವುದಿಲ್ಲ. ತ್ರೀ ಫೇಸ್ ಬಂದ ಕೂಡಲೇ ಸುತ್ತಲಿನ ಹೊಲ ತೋಟಗಳ ಪಂಪ್‌ಸೆಟ್‌ಗಳು ಒಟ್ಟಿಗೆ ಹೊರಡುತ್ತವೆ, ಎರಡು ಬೀದಿ ಆಚೆಯ ಹಿಟ್ಟಿನ ಗಿರಣಿ ಶುರುವಾಗುತ್ತದೆ. ಆದ್ದರಿಂದ ಹೊಸ ಊರಿನಲ್ಲಿ ನಾನು ಮೊದಲು ಹುಡುಕುವುದು ಲೈನ್‌ಮನ್ ಮನೆಯನ್ನು. ಈ ವಾರ ತ್ರೀ ಫೇಸ್ ಯಾವ ಹೊತ್ತಿಗೆ ಬರುತ್ತದೆ ಎಂಬ ಉತ್ತರದ ಮೇಲೆ ನಮ್ಮ ಇಡೀ ವೇಳಾಪಟ್ಟಿ ನಿಂತಿರುತ್ತದೆ. ಆಮೇಲೆ ಸಂತೆ ಯಾವ ವಾರ, ಶಾಲೆಯ ಪ್ರಾರ್ಥನೆ ಎಷ್ಟು ಹೊತ್ತಿಗೆ, ಹತ್ತಿರದಲ್ಲಿ ಕಲ್ಲು ಕ್ವಾರಿ ಇದೆಯೇ, ಚಿತ್ರೀಕರಣದ ದಿನಗಳಲ್ಲಿ ಮದುವೆ ಮುಹೂರ್ತಗಳಿವೆಯೇ ಎಂದು ವಿಚಾರಿಸುತ್ತೇನೆ. ಧನುರ್ಮಾಸವಾದರೆ ನಸುಕಿನಲ್ಲಿ ಗುಡಿಯ ಧ್ವನಿವರ್ಧಕ ಇದ್ದೇ ಇರುತ್ತದೆ. ಅದನ್ನು ನಿಲ್ಲಿಸಿ ಎಂದು ಕೇಳುವುದು ತಪ್ಪು. ಆ ದೃಶ್ಯವನ್ನು ಮಧ್ಯಾಹ್ನಕ್ಕೆ ಸರಿಸಿ ಎಂದು ನಿರ್ದೇಶಕರನ್ನು ಒಪ್ಪಿಸುವುದು ಸರಿಯಾದ ದಾರಿ.

ಗಿರಣಿಯ ವಿಚಾರ ಬೇರೆ. ಅದನ್ನು ನಿಲ್ಲಿಸಲೇಬೇಕಾಗುತ್ತದೆ. ಪ್ರೊಡಕ್ಷನ್‌ನವರು ಒಂದಿಷ್ಟು ಹಣ ಕೊಟ್ಟು ಮುಚ್ಚಿಸಲು ನೋಡುತ್ತಾರೆ. ಹಣ ಪಡೆದವರು ಒಂದು ಗಂಟೆ ಸುಮ್ಮನಿದ್ದು, ಜೋಳ ಹೊತ್ತು ಬಂದ ಹೆಂಗಸರು ಜಗುಲಿಯ ಮೇಲೆ ಕಾಯುವುದನ್ನು ನೋಡಲಾಗದೆ ಮತ್ತೆ ಶುರು ಮಾಡುತ್ತಾರೆ. ಅವರದೇನೂ ತಪ್ಪಿಲ್ಲ. ನಾನೇ ಹಿಂದಿನ ಸಂಜೆ ಹೋಗಿ ಕುಳಿತು ಮಾತನಾಡುತ್ತೇನೆ. ದಿನವಿಡೀ ಬೇಡ, ಇಂತಿಂಥ ಹೊತ್ತಿಗೆ ಹತ್ತು ಹತ್ತು ನಿಮಿಷ ಸಾಕು, ಪ್ರತಿ ಸಲವೂ ನಮ್ಮ ಹುಡುಗ ಬಂದು ಹೇಳುತ್ತಾನೆ, ಮುಗಿದ ತಕ್ಷಣ ಬಂದು ತಿಳಿಸುತ್ತಾನೆ ಎಂದು ವಿವರಿಸುತ್ತೇನೆ. ಸಾಧ್ಯವಾದರೆ ಅವರನ್ನು ಚಿತ್ರೀಕರಣದ ಮನೆಗೆ ಕರೆತಂದು ನನ್ನ ಹೆಡ್‌ಫೋನನ್ನು ಅವರ ಕಿವಿಗೆ ಇಡುತ್ತೇನೆ. ತಮ್ಮ ಗಿರಣಿಯ ಸದ್ದು ಅಷ್ಟು ದೂರದಲ್ಲಿ ಒಬ್ಬ ಕಲಾವಿದೆಯ ಪಿಸುಮಾತನ್ನು ಹೇಗೆ ನುಂಗುತ್ತಿದೆ ಎಂದು ಕೇಳಿದವರು ಆಮೇಲೆ ನಮ್ಮ ಪರವಾಗಿ ಊರನ್ನೇ ಸುಮ್ಮನಿರಿಸುತ್ತಾರೆ. ಇದನ್ನು ಯಾವ ಕೋರ್ಸಿನಲ್ಲೂ ಕಲಿಸುವುದಿಲ್ಲ. ಹಳ್ಳಿಯಲ್ಲಿ, ಸಣ್ಣ ಊರಿನಲ್ಲಿ ಬೆಳೆದವರಿಗೆ ಯಾರನ್ನು ಹೇಗೆ ಮಾತನಾಡಿಸಬೇಕೆಂಬ ಅಂದಾಜು ಮೊದಲೇ ಇರುತ್ತದೆ. ಹಾವೇರಿಯಿಂದ ಬರುವುದು ಈ ಕೆಲಸದಲ್ಲಿ ಒಂದು ಬಲ ಎಂದು ನಾನು ನಂಬುತ್ತೇನೆ.

ಇಷ್ಟೆಲ್ಲ ಏಕೆ, ಒಳ್ಳೆಯ ಮೈಕ್ ಇದ್ದರೆ ಸಾಲದೇ ಎಂದು ನೀವು ಕೇಳಬಹುದು. ಭೌತಶಾಸ್ತ್ರ ಓದಿದವರಿಗೆ ಉತ್ತರ ಗೊತ್ತಿರುವುದೇ. ಬಾಯಿ ಮತ್ತು ಮೈಕಿನ ನಡುವಿನ ಅಂತರ ಇಮ್ಮಡಿಯಾದರೆ ನೇರವಾಗಿ ಬರುವ ಧ್ವನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ದೂರದ ಗಿರಣಿಯ ಸದ್ದು ಇದ್ದಷ್ಟೇ ಇರುತ್ತದೆ. ಅರ್ಧ ಮೀಟರ್‌ನಲ್ಲಿದ್ದ ಬೂಮ್ (ಉದ್ದ ಕೋಲಿನ ತುದಿಗೆ ಕಟ್ಟಿದ ಮೈಕ್) ಒಂದು ಮೀಟರಿಗೆ ಹೋದರೆ ಮಾತು ಹಿಂದೆ ಸರಿದು ಊರು ಮುಂದೆ ಬರುತ್ತದೆ. ಹಾಗಾಗಿಯೇ ಬೂಮ್ ಹಿಡಿಯುವವರು ಯಾವ ಲೆನ್ಸ್ ಹಾಕಿದ್ದಾರೆ, ಚೌಕಟ್ಟಿನ ಮೇಲಂಚು ಎಲ್ಲಿದೆ, ದೀಪ ಯಾವ ಕಡೆಯಿಂದ ಬರುತ್ತಿದೆ, ನೆರಳು ಎಲ್ಲಿ ಬೀಳುತ್ತದೆ ಎಂಬುದನ್ನೆಲ್ಲ ಕ್ಯಾಮೆರಾ ಸಹಾಯಕರಷ್ಟೇ ಚೆನ್ನಾಗಿ ತಿಳಿದಿರಬೇಕು. ಸಂಭಾಷಣೆ ಬಾಯಿಪಾಠವಾಗಿರಬೇಕು, ಏಕೆಂದರೆ ಮಾತು ಶುರುವಾದ ಮೇಲೆ ಮೈಕ್ ತಿರುಗಿಸಿದರೆ ಮೊದಲ ಅಕ್ಷರ ಹೋಗಿರುತ್ತದೆ. ಒಂದೇ ಹೊತ್ತಿಗೆ ಎರಡು ಕ್ಯಾಮೆರಾ ಇಟ್ಟು ಒಂದರಲ್ಲಿ ದೂರದ ನೋಟ, ಇನ್ನೊಂದರಲ್ಲಿ ಮುಖದ ಹತ್ತಿರದ ನೋಟ ತೆಗೆಯುವಾಗ ಬೂಮ್‌ಗೆ ಜಾಗವೇ ಉಳಿಯುವುದಿಲ್ಲ. ಆಗ ಬಟ್ಟೆಯೊಳಗೆ ಅಡಗಿಸುವ ಕಾಲರ್ ಮೈಕ್ ಒಂದೇ ಗತಿ. ರೇಷ್ಮೆ ಸೀರೆಯ ಸರಪರ, ಗಾಜಿನ ಬಳೆ, ತಾಳಿಯ ಗುಂಡು, ಕರಾವಳಿಯ ಸೆಕೆಯಲ್ಲಿ ಬಿಚ್ಚಿಕೊಳ್ಳುವ ಅಂಟುಪಟ್ಟಿ, ಇವೆಲ್ಲ ಆಗ ನಮ್ಮ ತಲೆನೋವು. ವಸ್ತ್ರ ವಿನ್ಯಾಸದವರ ಸ್ನೇಹವನ್ನು ಮೊದಲ ದಿನವೇ ಸಂಪಾದಿಸಿಕೊಳ್ಳಿ.

ನಮ್ಮ ಸಿನಿಮಾಗಳಲ್ಲಿ ಈ ಕೆಲಸಕ್ಕೆ ಬಹುಕಾಲ ಬೆಲೆ ಇರಲಿಲ್ಲ. ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ 1931ರಲ್ಲಿ ಬಂದಾಗ ಮಾತನ್ನು ಚಿತ್ರೀಕರಣದ ಜೊತೆಗೇ ಮುದ್ರಿಸಿದ್ದರು. ಸ್ಟುಡಿಯೊ ಪಕ್ಕದಲ್ಲೇ ರೈಲು ಹಳಿ ಇದ್ದುದರಿಂದ ರೈಲುಗಳ ಓಡಾಟ ನಿಂತ ನಡುರಾತ್ರಿಯ ಮೇಲೆ ಹೆಚ್ಚಿನ ಕೆಲಸ ನಡೆಯಿತು, ಮೈಕುಗಳನ್ನು ನಟರ ಸುತ್ತಮುತ್ತ ಬಚ್ಚಿಡುತ್ತಿದ್ದರು. ಆಮೇಲೆ ಹೊರಾಂಗಣ ಚಿತ್ರೀಕರಣ ಹೆಚ್ಚಿತು. ಹಗುರವಾದ ಆದರೆ ಗರಗರ ಸದ್ದು ಮಾಡುವ ಕ್ಯಾಮೆರಾಗಳು ಬಂದವು. ಸ್ಥಳದಲ್ಲಿ ಮುದ್ರಿಸಿದ ಮಾತು ಡಬ್ಬಿಂಗ್‌ಗೆ ದಾರಿ ತೋರಿಸುವ ಪೈಲಟ್ ಟ್ರ್ಯಾಕ್ ಮಟ್ಟಕ್ಕೆ ಇಳಿಯಿತು. ಕನ್ನಡದಲ್ಲಿಯೂ ದಶಕಗಳ ಕಾಲ ಇದೇ ನಡೆಯಿತು. ಕಚ್‌ನ ಭುಜ್ ಬಳಿ ಚಿತ್ರೀಕರಿಸಿ 2001ರಲ್ಲಿ ತೆರೆಗೆ ಬಂದ ‘ಲಗಾನ್’ನಂಥ ದೊಡ್ಡ ಹಿಂದಿ ಚಿತ್ರ ಸಿಂಕ್ ಸೌಂಡ್‌ನಲ್ಲಿ (ಸ್ಥಳದಲ್ಲೇ ಮುದ್ರಿಸಿದ ಮಾತನ್ನೇ ಉಳಿಸಿಕೊಂಡು) ತಯಾರಾದ ಮೇಲೆ ನಿರ್ಮಾಪಕರ ಮನಸ್ಸು ನಿಧಾನವಾಗಿ ಬದಲಾಯಿತು. 2009ರಲ್ಲಿ ರಸೂಲ್ ಪೂಕುಟ್ಟಿ ಅವರು ಧ್ವನಿ ಮಿಶ್ರಣಕ್ಕಾಗಿ ಇಬ್ಬರು ಸಹೋದ್ಯೋಗಿಗಳೊಂದಿಗೆ ಆಸ್ಕರ್ ಪಡೆದಾಗ, ಧ್ವನಿಯವರು ಎಂಬುವರು ಇದ್ದಾರೆ ಎಂದು ಸಾಮಾನ್ಯ ಜನರಿಗೂ ತಿಳಿಯಿತು.

ಅನುಭವಿ ಕಲಾವಿದರ ಡಬ್ಬಿಂಗ್ ದೊಡ್ಡ ವಿದ್ಯೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ನಿಮ್ಮ ಸೀಮೆಯ ಅಜ್ಜಿಯೊಬ್ಬರು ಕ್ಯಾಮೆರಾ ಮುಂದೆ ಮೊಮ್ಮಗನನ್ನು ಗದರುತ್ತಾರೆ ಎಂದುಕೊಳ್ಳಿ. ರೊಟ್ಟಿ ಬಡಿಯುತ್ತ, ಹೊಗೆಗೆ ಕಣ್ಣು ಕಿರಿದು ಮಾಡಿ, ಮಾತಿನ ಅರ್ಧದಲ್ಲಿ ಕೆಮ್ಮಿ, ಮತ್ತೆ ಗದರುತ್ತಾರೆ. ಕೆಲವು ತಿಂಗಳ ನಂತರ ಅವರನ್ನು ಬೆಂಗಳೂರಿಗೆ ಕರೆಸಿ, ಹವಾನಿಯಂತ್ರಿತ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ, ಪರದೆಯ ಮೇಲಿನ ತಮ್ಮದೇ ತುಟಿಗೆ ಹೊಂದಿಸಿ ಅದೇ ಗದರಿಕೆಯನ್ನು ಮತ್ತೆ ತನ್ನಿ ಎಂದರೆ ಅದು ಬರುವುದಿಲ್ಲ. ಬೇರೆಯವರ ಕಂಠ ಹಾಕಿದರೆ ಧಾರವಾಡದ ಕಡೆಯ ಏರಿಳಿತ, ಕುಂದಾಪುರದ ಮೊಟಕು ಮಾತು, ಮಂಡ್ಯದ ಎಳೆತ ಎಲ್ಲವೂ ಒಂದೇ ಅಚ್ಚಿಗೆ ಬೀಳುತ್ತವೆ. ಮಂಡ್ಯ ಸೀಮೆಯ ಹಳ್ಳಿಯವರೇ ಅಭಿನಯಿಸಿದ ‘ತಿಥಿ’ಯನ್ನು ನೋಡಿದವರು ಆ ಮಾತುಗಳನ್ನು ಬೇರೊಂದು ಗಂಟಲಿನಲ್ಲಿ ಕಲ್ಪಿಸಿಕೊಂಡು ನೋಡಲಿ. ನಾನು ಈ ಕೆಲಸಕ್ಕೆ ಅಂಟಿಕೊಂಡಿರುವುದು ಇದಕ್ಕಾಗಿ. ಕನ್ನಡ ಎಷ್ಟು ಬಗೆಯಲ್ಲಿ ಬದುಕಿದೆ ಎಂದು ನಿಘಂಟಿಗಿಂತ ನಮ್ಮ ಹಾರ್ಡ್ ಡಿಸ್ಕುಗಳು ಹೆಚ್ಚು ಬಲ್ಲವು.

ಮಾತಿನಷ್ಟೇ ಮುಖ್ಯವಾದುದು ಜಾಗದ ಸದ್ದು. ಪ್ರತಿ ದೃಶ್ಯ ಮುಗಿದಾಗ ಎಲ್ಲರನ್ನೂ ನಿಂತಲ್ಲೇ ನಿಲ್ಲಿಸಿ ಅರ್ಧ ನಿಮಿಷದಿಂದ ಒಂದು ನಿಮಿಷ ಕೋಣೆಯ ಬರಿಯ ಸದ್ದನ್ನು ಮುದ್ರಿಸಿಕೊಳ್ಳುತ್ತೇವೆ. ರೂಮ್ ಟೋನ್ ಎನ್ನುವುದು ಇದಕ್ಕೇ. ಸಂಕಲನದಲ್ಲಿ ಎರಡು ಮಾತುಗಳ ನಡುವಿನ ತೂತನ್ನು ಮುಚ್ಚಲು ಅದು ಬೇಕು. ಊಟದ ಹೊತ್ತಾಗಿರುತ್ತದೆ, ಎಲ್ಲರಿಗೂ ಅವಸರ, ಆದರೂ ಬಿಡಬಾರದು. ಪ್ಯಾಕಪ್ ಆದ ಮೇಲೆ ನಮ್ಮ ಇನ್ನೊಂದು ಪಾಳಿ ಶುರು. ಎತ್ತಿನ ಗಂಟೆ, ಬಾವಿಯ ರಾಟೆ, ಹರಿಗೋಲಿಗೆ ಬಡಿಯುವ ತುಂಗಭದ್ರೆಯ ನೀರು, ಇವನ್ನು ಯೂನಿಟ್ ಇಲ್ಲದ ಹೊತ್ತಿನಲ್ಲಿ ಹೋಗಿ ತರಬೇಕು. ಪಶ್ಚಿಮ ಘಟ್ಟದಲ್ಲಿ ಕೆಲಸವಿದ್ದರೆ ನಾನು ನಸುಕಿನ ನಾಲ್ಕಕ್ಕೆ ಏಳುತ್ತೇನೆ. ಎರಡು ಮೈಕುಗಳನ್ನು 17 ಸೆಂಟಿಮೀಟರ್ ಅಂತರದಲ್ಲಿ 110 ಡಿಗ್ರಿ ಕೋನಕ್ಕೆ ತಿರುಗಿಸಿ ಒಂದು ಮರದ ಕೆಳಗೆ ನಿಲ್ಲಿಸಿ, ನಾನು ದೂರ ಹೋಗಿ ಕೂರುತ್ತೇನೆ. ಮಳೆಗಾಲದ ನಸುಕಿನಲ್ಲಿ ಮಲಬಾರ್ ವಿಸ್ಲಿಂಗ್ ಥ್ರಷ್ ಹಕ್ಕಿ ಹಳ್ಳದ ಬದಿಯಿಂದ ಮನುಷ್ಯರಂತೆ ಸಿಳ್ಳೆ ಹಾಕುವುದನ್ನು ಒಮ್ಮೆ ಹೆಡ್‌ಫೋನಿನಲ್ಲಿ ಕೇಳಿ. ಸಂಬಳದ ಲೆಕ್ಕ ಆ ಹೊತ್ತಿಗೆ ಮರೆತುಹೋಗುತ್ತದೆ.

ಅದೇ ಘಟ್ಟ ಬೇಸಿಗೆಯ ಸಂಜೆಗಳಲ್ಲಿ ನಮ್ಮನ್ನು ಅಳಿಸುತ್ತದೆ. ಜೀರುಂಡೆಯ ಸದ್ದು ಕೆಲವು ಸಾವಿರ ಹರ್ಟ್ಜ್‌ಗಳ ವಲಯದಲ್ಲಿ ಇರುತ್ತದೆ. ‘ಸ’, ‘ಶ’ ಅಕ್ಷರಗಳು ಸ್ಪಷ್ಟವಾಗಿ ಕೇಳುವುದಕ್ಕೆ ಬೇಕಾದ ವಲಯವೂ ಅದೇ. ಒಂದನ್ನು ಸೋಸಿ ತೆಗೆದರೆ ಇನ್ನೊಂದೂ ಮೊಂಡಾಗುತ್ತದೆ. ಜೊತೆಗೆ ಒಂದು ಶಾಟ್‌ನಲ್ಲಿ ಕೂಗುತ್ತಿದ್ದ ಜೀರುಂಡೆ ಮುಂದಿನ ಶಾಟ್‌ನಲ್ಲಿ ಸುಮ್ಮನಾಗಿದ್ದರೆ ದೃಶ್ಯ ಹರಿದು ಹೋಗುತ್ತದೆ. ದೃಶ್ಯದ ಸಮಯ ಬದಲಿಸುವುದು ಬಿಟ್ಟು ಇದಕ್ಕೆ ಒಳ್ಳೆಯ ಪರಿಹಾರವಿಲ್ಲ. ಮನೆಯೊಳಗಿನ ದೃಶ್ಯಗಳಿಗೆ ಉತ್ತರ ಕರ್ನಾಟಕದಲ್ಲಿ ಒಂದು ಅನುಕೂಲವಿದೆ: ಬರಿ ಗೋಡೆಗಳ ಕೋಣೆಯ ಅನುರಣನ ತಗ್ಗಿಸಲು ಪ್ರತಿ ಮನೆಯಲ್ಲೂ ಕೌದಿಗಳಿರುತ್ತವೆ. ಕ್ಯಾಮೆರಾ ಕಾಣದ ಗೋಡೆಗೆ ನಾಲ್ಕು ಕೌದಿ, ನೆಲಕ್ಕೊಂದು ಜಮಖಾನೆ ಹಾಸಿದರೆ ಹೊರದೇಶದಿಂದ ತರಿಸಿದ ಹೊದಿಕೆಗಳಷ್ಟೇ ಕೆಲಸ ಮಾಡುತ್ತವೆ. ಕೊಟ್ಟವರಿಗೆ ಅವನ್ನು ಕೊಡವಿ ಮಡಿಸಿ ಹಿಂದಿರುಗಿಸಿ. ಹಾಗೆಯೇ ಚಿತ್ರೀಕರಣಕ್ಕೆ ಬಿಟ್ಟುಕೊಟ್ಟ ಮನೆಯ ಫ್ರಿಜ್ ಆರಿಸಿದಾಗ ನಮ್ಮ ವಾಹನದ ಕೀಲಿಯನ್ನು ಅದರೊಳಗೇ ಇಡುತ್ತೇವೆ. ಅದನ್ನು ಮತ್ತೆ ಹಾಕದೆ ಊರು ಬಿಡಲು ಸಾಧ್ಯವೇ ಇಲ್ಲ.

ಈಗ ಸಲಕರಣೆ. ಹೊರಾಂಗಣಕ್ಕೆ ಸೆನ್‌ಹೈಸರ್ ಎಂಕೆಎಚ್ 416ರಂಥ ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ, ಕೊಳವೆಯಾಕಾರದ ಶಾಟ್‌ಗನ್ ಮೈಕ್ ಬಹುಕಾಲದಿಂದ ಬಳಕೆಯಲ್ಲಿದೆ. ಆ ಸರಣಿಯ ಮೈಕುಗಳು ತೇವಾಂಶವನ್ನು ಚೆನ್ನಾಗಿ ತಡೆಯುತ್ತವೆ, ಆಗುಂಬೆ ಕಡೆಯ ಮಳೆಯಲ್ಲಿ ಅದರ ಬೆಲೆ ತಿಳಿಯುತ್ತದೆ. ಸಣ್ಣ ಕೋಣೆಯಲ್ಲಿ ಶಾಟ್‌ಗನ್ ಚೆನ್ನಾಗಿ ಕೇಳುವುದಿಲ್ಲ, ಗೋಡೆಯಿಂದ ಮರಳುವ ಧ್ವನಿಯಿಂದ ಮಾತಿನ ಬಣ್ಣ ಕೆಡುತ್ತದೆ. ಅಲ್ಲಿ ಎಂಕೆಎಚ್ 50ರಂಥ ಗಿಡ್ಡ ಮೈಕ್ ಬೇಕು. ಮುದ್ರಣ ಸಾಮಾನ್ಯವಾಗಿ 48 ಕಿಲೋಹರ್ಟ್ಜ್, 24 ಬಿಟ್. ಈಚಿನ ರೆಕಾರ್ಡರುಗಳ 32 ಬಿಟ್ ಫ್ಲೋಟ್ ಸೌಲಭ್ಯ ಅಚಾನಕ್ಕಾಗಿ ಕಿರುಚಿದ ಮಾತನ್ನು ಉಳಿಸಿಕೊಡುತ್ತದೆ, ಆದರೆ ಮೈಕಿನಲ್ಲೋ ವೈರ್‌ಲೆಸ್ ಟ್ರಾನ್ಸ್‌ಮಿಟರಿನಲ್ಲೋ ಮೊದಲೇ ಒಡೆದ ಧ್ವನಿಯನ್ನು ಅದು ಕಟ್ಟಿಕೊಡಲಾರದು. ಇವುಗಳಲ್ಲಿ ಯಾವುದನ್ನೂ ನೀವು ಮೊದಲ ವರ್ಷ ಕೊಳ್ಳಬೇಕಿಲ್ಲ. ಬೆಂಗಳೂರು, ಚೆನ್ನೈ, ಕೊಚ್ಚಿ, ಮುಂಬೈಗಳಲ್ಲಿ ದಿನದ ಬಾಡಿಗೆಗೆ ಸಿಗುತ್ತವೆ. ಸಾಲ ಮಾಡಿ ಪೂರಾ ಕಿಟ್ ಕೊಂಡ ಹುಡುಗರು ಕಂತು ತೀರಿಸಲು ಸಿಕ್ಕಿದ ಕೆಲಸವನ್ನೆಲ್ಲ ಒಪ್ಪಿ ಸೊರಗಿದ್ದನ್ನು ಕಂಡಿದ್ದೇನೆ. ಕೊಳ್ಳಲೇಬೇಕೆನಿಸಿದರೆ ಒಂದು ಒಳ್ಳೆಯ ಹೆಡ್‌ಫೋನ್ ಮತ್ತು ಕೈಯಲ್ಲಿ ಹಿಡಿಯುವ ಪುಟ್ಟ ರೆಕಾರ್ಡರ್ ಕೊಳ್ಳಿ.

ಪ್ರಯಾಣದ ನಿಯಮಗಳನ್ನು ಬೇಗ ಹೇಳಿಬಿಡುತ್ತೇನೆ. ವಿಮಾನದಲ್ಲಿ ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು. 100 ವಾಟ್-ಗಂಟೆ ಮೀರಿದವುಗಳಿಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, 160 ಮೀರಿದವನ್ನು ಒಯ್ಯುವಂತಿಲ್ಲ. ಬೂಮ್ ಕೋಲು ಸರಕಿಗೆ, ಮೈಕುಗಳು ನಿಮ್ಮ ಜೊತೆಗೆ. ಹೊರದೇಶಕ್ಕೆ ಹೋಗುವಾಗ ಎಲ್ಲ ಸಲಕರಣೆಗಳ ಸರಣಿ ಸಂಖ್ಯೆಗಳ ಪಟ್ಟಿ ಇರಲಿ. ತಾತ್ಕಾಲಿಕವಾಗಿ ಸುಂಕವಿಲ್ಲದೆ ಒಯ್ದು ತರಲು ಎಟಿಎ ಕಾರ್ನೆ ಎಂಬ ದಾಖಲೆ ಇದೆ, ಭಾರತದಲ್ಲಿ ಅದನ್ನು ವಾಣಿಜ್ಯೋದ್ಯಮಿಗಳ ಒಕ್ಕೂಟವಾದ ಫಿಕ್ಕಿ ಕೊಡುತ್ತದೆ. ವೈರ್‌ಲೆಸ್ ಮೈಕುಗಳ ತರಂಗಾಂತರ ನಿಯಮ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ 600 ಮೆಗಾಹರ್ಟ್ಜ್ ಪಟ್ಟಿಯ ಹೆಚ್ಚಿನ ಭಾಗವನ್ನು ಮೊಬೈಲ್ ಸೇವೆಗಳಿಗೆ ಕೊಟ್ಟು 2020ರಿಂದ ಮೈಕುಗಳಿಗೆ ಮುಚ್ಚಿದ್ದಾರೆ. ಲಡಾಖ್‌ನ ಚಳಿಯಲ್ಲಿ ಬ್ಯಾಟರಿ ಬೇಗ ಸೋಲುತ್ತದೆ, ಅಂಗಿಯೊಳಗೆ ಮೈಗೆ ತಾಗಿಸಿ ಇಟ್ಟುಕೊಳ್ಳಬೇಕು. ಎಲ್ಲಿಯೇ ಇರಲಿ, ಅಂದಿನ ಕಡತಗಳ ಎರಡು ಪ್ರತಿ ಎರಡು ಬೇರೆ ಚೀಲಗಳಿಗೆ ಸೇರಿದ ಮೇಲೆಯೇ ನಿದ್ದೆ.

ಮನೆಯವರ ಮಾತಿಗೆ ಬರೋಣ. ಅವರ ಆತಂಕ ಸುಳ್ಳಲ್ಲ. ಬೆಳಗಿನ ಐದರ ವಾಹನ, ರಾತ್ರಿ ಹನ್ನೊಂದರ ಪ್ಯಾಕಪ್, ಗೊತ್ತಿಲ್ಲದ ಊರಿನ ವಸತಿಗೃಹ, ಹಬ್ಬಕ್ಕೆ ಮನೆಗೆ ಬರಲಾಗದ ವರ್ಷಗಳು, ಇವೆಲ್ಲ ಇವೆ. ಬಯಲಿನಲ್ಲಿ ಚಿತ್ರೀಕರಣವಾದರೆ ಶೌಚಾಲಯದ ವ್ಯವಸ್ಥೆಯನ್ನು ಬಾಯಿಬಿಟ್ಟು ಕೇಳಬೇಕಾಗುತ್ತದೆ. ಕೇಳಿ, ಸಂಕೋಚ ಬೇಡ. ಪ್ರತ್ಯೇಕ ಕೋಣೆ, ರಾತ್ರಿ ಮರಳಲು ವಾಹನ, ಇವನ್ನು ಒಪ್ಪಂದದಲ್ಲೇ ಬರೆಸಿ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಹತ್ತು ಅಥವಾ ಹೆಚ್ಚು ಜನ ದುಡಿಯುವ ಪ್ರತಿ ಸಂಸ್ಥೆಯೂ ಆಂತರಿಕ ಸಮಿತಿ ರಚಿಸಬೇಕೆಂದು ಹೇಳುತ್ತದೆ. ನಿಮ್ಮ ನಿರ್ಮಾಣ ಸಂಸ್ಥೆಯ ಸಮಿತಿಯಲ್ಲಿ ಯಾರಿದ್ದಾರೆ ಎಂದು ಮೊದಲ ದಿನವೇ ಕೇಳಿ ತಿಳಿಯಿರಿ. ಉತ್ತರ ತೊದಲಿದರೆ ಆ ಕೆಲಸ ಬಿಡಿ. ಇನ್ನು ಹೆಣ್ಣುಮಕ್ಕಳಿಗೆ ಆಗದ ಕೆಲಸ ಎಂಬ ಮಾತು. ನಟಿಯರಿಗೆ ಕುಪ್ಪಸದೊಳಗೆ ಮೈಕ್ ಅಂಟಿಸುವ ಕೆಲಸ ದಿನಕ್ಕೆ ಹಲವು ಬಾರಿ ಬರುತ್ತದೆ. ಧ್ವನಿ ತಂಡದಲ್ಲಿ ಒಬ್ಬ ಮಹಿಳೆ ಇದ್ದರೆ ನಟಿ ನಿರಾಳವಾಗುತ್ತಾರೆ, ಮೈಕ್ ಸರಿಯಾದ ಜಾಗಕ್ಕೆ ಹೋಗುತ್ತದೆ, ಧ್ವನಿ ಚೆನ್ನಾಗಿ ಬರುತ್ತದೆ. ನಮ್ಮ ಹಳ್ಳಿಗಳ ಸಾಕ್ಷ್ಯಚಿತ್ರಗಳಲ್ಲಿ ಅಡುಗೆಮನೆಯವರೆಗೆ ಹೋಗಿ ಕೂರಲು ಸಾಧ್ಯವಾಗುವುದು ಮಹಿಳಾ ಧ್ವನಿಗ್ರಾಹಕರಿಗೆ. ಬೂಮ್ ಎತ್ತಿ ಹಿಡಿಯುವುದು ತೋಳಿನ ಬಲದ ಪ್ರಶ್ನೆಗಿಂತ ಭಂಗಿಯ ಪ್ರಶ್ನೆ. ಮೊಣಕೈ ಮಡಿಸದೆ ತೋಳುಗಳನ್ನು ತಲೆಯ ಮೇಲಕ್ಕೆ ನೆಟ್ಟಗೆ ಎತ್ತಿ ಹಿಡಿದರೆ ಭಾರ ಮೂಳೆಗೆ ಹೋಗುತ್ತದೆ. ನಾಲ್ಕು ನಿಮಿಷದ ಶಾಟ್ ಹಿಡಿಯುವ ಹುಡುಗಿಯರು ಈಗ ಬೇಕಾದಷ್ಟು ಜನ ಇದ್ದಾರೆ.

ಹಣ ದಿನದ ಲೆಕ್ಕದಲ್ಲಿ ಅಥವಾ ಇಡೀ ಚಿತ್ರಕ್ಕೆ ಇಷ್ಟೆಂದು ಬರುತ್ತದೆ. ನಿಮ್ಮ ಸಂಭಾವನೆ, ಸಲಕರಣೆಯ ಬಾಡಿಗೆ, ದಿನಭತ್ಯೆ, ಪ್ರಯಾಣ, ಇವು ನಾಲ್ಕೂ ಬೇರೆ ಬೇರೆ ಸಾಲಿನಲ್ಲಿ ಇರಲಿ. ಎಲ್ಲವನ್ನೂ ಸೇರಿಸಿ ಒಂದು ಮೊತ್ತ ಹೇಳಿದರೆ ಕೊನೆಗೆ ಕರಗುವುದು ನಿಮ್ಮ ಸಂಭಾವನೆಯೇ. ಕೊನೆಯ ಕಂತು ಯಾವ ದಿನ ಎಂದು ಬರೆದಿರಬೇಕು. ಜೋರು ಮಳೆಯ ತಿಂಗಳುಗಳಲ್ಲಿ ಹೊರಾಂಗಣ ಕೆಲಸ ಇಳಿಯುತ್ತದೆ, ಆ ತಿಂಗಳುಗಳ ಮನೆಬಾಡಿಗೆಯನ್ನು ಬೇಸಿಗೆಯಲ್ಲೇ ತೆಗೆದಿಡಿ. ನಿಮ್ಮ ಕಿವಿಯೂ ಬಂಡವಾಳವೇ. 85 ಡೆಸಿಬೆಲ್ ಸದ್ದಿನಲ್ಲಿ ಎಂಟು ಗಂಟೆ ಇರಬಹುದಾದರೆ, ಪ್ರತಿ 3 ಡೆಸಿಬೆಲ್ ಏರಿಕೆಗೂ ಆ ಅವಧಿಯನ್ನು ಅರ್ಧಕ್ಕೆ ಇಳಿಸಬೇಕು. ಯಕ್ಷಗಾನದ ರಂಗಸ್ಥಳದ ಪಕ್ಕ ಚೆಂಡೆಗೆ ಎದುರಾಗಿ ಬೆಳಗಿನವರೆಗೆ ಕೂರುವ ಕೆಲಸ ಬಂದರೆ ಹೆಡ್‌ಫೋನಿನ ಮಟ್ಟ ತಗ್ಗಿಸಿ, ಆಗಾಗ ಎದ್ದು ದೂರ ಹೋಗಿ ಬನ್ನಿ. ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ ಮಾಡಿಸಿ.

ಓದಬೇಕೇ? ಪದವಿ ಮುಗಿದ ಮೇಲೆ ಪುಣೆಯ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆ ಎಫ್‌ಟಿಐಐ, ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆ ಎರಡರಲ್ಲೂ ಧ್ವನಿ ವಿಭಾಗಗಳಿವೆ, ಪ್ರವೇಶ ಪರೀಕ್ಷೆ ಬರೆಯಿರಿ. ನಮ್ಮಲ್ಲೇ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಲ್ಲಿ ಡಿಪ್ಲೊಮಾ ಇದೆ. ಅಲ್ಲಿ ಸಿಗುವ ಗೆಳೆಯರ ಬಳಗ ಮುಂದೆ ಕೆಲಸ ತರುತ್ತದೆ, ಪಾಠಕ್ಕಿಂತ ಅದು ಹೆಚ್ಚು ಬೆಲೆಯದ್ದು. ಓದದೆಯೂ ಬೂಮ್ ಸಹಾಯಕರಾಗಿ ಸೇರಿ ಮೇಲೆ ಬಂದವರು ಬಹಳ ಜನ.

ಪರೀಕ್ಷೆ ಮುಗಿಯುವ ತನಕ ಹೀಗೆ ಮಾಡಿ. ನಿಮ್ಮ ಕಡೆಯ ಒಂದೇ ಜಾಗವನ್ನು, ಮೆಣಸಿನಕಾಯಿಗೆ ಹೆಸರಾದ ಬ್ಯಾಡಗಿ ಮಾರುಕಟ್ಟೆಯನ್ನೋ ನಿಮ್ಮ ಬೀದಿಯನ್ನೋ, ದಿನದ ಬೇರೆ ಬೇರೆ ಹೊತ್ತಿನಲ್ಲಿ ಮುದ್ರಿಸಿ. ಪ್ರತಿ ಸಲವೂ ಯಾವ ಸದ್ದು ಎಲ್ಲಿಂದ ಬಂತು, ಅದರ ಹಿಂದೆ ಯಾರಿದ್ದಾರೆ, ಅದನ್ನು ನಿಲ್ಲಿಸಬೇಕಾದರೆ ಯಾರ ಮನೆಗೆ ಹೋಗಬೇಕು ಎಂದು ಬರೆದಿಡಿ. ಬೆಂಗಳೂರಿಗೆ ಬಂದು ಧ್ವನಿಗ್ರಾಹಕರನ್ನು ಕಾಣುವಾಗ ಆ ಟಿಪ್ಪಣಿಯನ್ನೂ ಒಂದು ಗಂಟೆಯ ಮುದ್ರಣವನ್ನೂ ತನ್ನಿ. ಅಂಕಪಟ್ಟಿಯನ್ನು ಯಾರೂ ಕೇಳುವುದಿಲ್ಲ. ಆ ಟಿಪ್ಪಣಿ ಓದಿದವರು ಮುಂದಿನ ರೆಕ್ಕಿಗೆ ನಿಮ್ಮನ್ನು ಕರೆದುಕೊಂಡು ಹೋಗುತ್ತಾರೆ.